ತೊಗರಿ ಹೊಟ್ಟಿನ ಅಟ್ಟ

ನನಗೆ ಹೇಸಿಗೆ ಜಾಸ್ತಿ ಎಂದು ನಮ್ಮ ಬಳಗದವರೆಲ್ಲ ಹೇಳುತ್ತಾರೆ. ಹೇಳಲಿ. ಮದುವೆ ಮನೆಯಲ್ಲಿ ನಾನು ಊಟಕ್ಕೆ ಕೂರುವುದಿಲ್ಲ. ಕೂತರೂ ಅನ್ನವನ್ನು ಬೆರಳಿನಿಂದ ಕೆದಕಿ ಕೆದಕಿ ನೋಡಿ ಪಕ್ಕದವರ ಊಟವನ್ನೂ ಕೆಡಿಸುತ್ತೇನೆ. ಬಸ್ಸಿನ ಕಂಬಿ ಹಿಡಿಯುವಾಗ ಕೈಗೆ ಸೆರಗು ಸುತ್ತಿಕೊಳ್ಳುತ್ತೇನೆ. ತೊಗರಿಯ ನಾಡಿನಲ್ಲಿ ಹುಟ್ಟಿ, ತೊಗರಿ ಬೇಳೆಯನ್ನು ಬಿಸಿಲಿಗೆ ಹರವಿ, ಜರಡಿ ಹಿಡಿದು, ಏಳು ನೀರಿನಲ್ಲಿ ತೊಳೆದು, ಆಮೇಲೂ ಕುದಿಯುವ ಪಾತ್ರೆಯೊಳಗೆ ಇಣುಕಿ ನೋಡುವವಳು ಇಡೀ ಸೇಡಂನಲ್ಲಿ ನಾನೊಬ್ಬಳೇ ಇರಬೇಕು. ನನ್ನ ಸೊಸೆ ಇದನ್ನು ರೋಗ ಅನ್ನುತ್ತಾಳೆ. ನನ್ನ ಗಂಡ ಇರುವವರೆಗೆ ಇದನ್ನು ಸೊಕ್ಕು ಅನ್ನುತ್ತಿದ್ದರು. ಎರಡೂ ಅಲ್ಲ. ಇದು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಒಂದು ಬೇಸಿಗೆಯಲ್ಲಿ, ನಮ್ಮ ಮನೆಯ ಅಟ್ಟದಿಂದ ಬಂತು.

ಮೊನ್ನೆ ನನ್ನ ತಮ್ಮ ಶರಣು ಫೋನ್ ಮಾಡಿದ. ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿರುವ ಅವನು ಹತ್ತಿರದಲ್ಲೇ ಸ್ವಂತ ಮನೆ ಕಟ್ಟಿಸಿಕೊಂಡಿದ್ದಾನೆ. ಅವನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ.

"ಅಕ್ಕಾ, ತಗಡಿನ ಕೆಳಗ ಹತ್ತಿಯಂಥದ್ದು ಹಾಸಸ್ಲಿಕತ್ತೀನಿ, ಅಟ್ಟದ ತುಂಬ. ಝಳ ಕೆಳಗ ಇಳಿಯಂಗಿಲ್ಲಂತ. ನೀ ಒಮ್ಮೆ ಬಂದು ನೋಡು."

"ಅದರಾಗ ಹುಳ ಬೀಳ್ತಾವೇನು?"

"ಹುಳ ಬೀಳ್ಲಿಕ್ಕ ಅದೇನು ತೊಗರಿ ಹೊಟ್ಟೇನು?" ಎಂದು ನಕ್ಕ.

ಅವನಿಗೆ ನಗು. ನನಗೆ ಫೋನ್ ಇಟ್ಟ ಕೂಡಲೇ ಕತ್ತಿನ ಹಿಂದೆ ತುರಿಕೆ ಶುರುವಾಯಿತು. ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದರೂ ಕನ್ನಡಿಯ ಮುಂದೆ ನಿಂತು ಕೂದಲು ಎತ್ತಿ ನೋಡಿಕೊಂಡೆ. ಆಮೇಲೆ ಎರಡು ಸಲ ಮೈ ತೊಳೆದುಕೊಂಡೆ.

ನಾವು ಆಗ ಇದ್ದದ್ದು ಸೇಡಂನಲ್ಲಿ, ಒಂದು ಬೇಳೆ ಮಿಲ್ಲಿನ ಹಿಂದಿನ ಓಣಿಯಲ್ಲಿ. ಎರಡೇ ಕೋಣೆ. ಗೋಡೆ ಕಲ್ಲಿನವು, ನೆಲಕ್ಕೆ ಶಹಾಬಾದಿನ ಪರಸಿಕಲ್ಲು, ತಲೆಯ ಮೇಲೆ ತಗಡು. ಒಳಕೋಣೆಗೆ ಮಾತ್ರ ತಗಡಿನ ಕೆಳಗೆ ಹಲಗೆ ಹಾಸಿದ ಅಟ್ಟವಿತ್ತು. ಮೂಲೆಯಲ್ಲಿ ಏಣಿ, ಏಣಿಯ ಮೇಲೆ ಒಬ್ಬರು ತೂರುವಷ್ಟು ಅಟ್ಟದ ಬಾಯಿ, ಅಟ್ಟದ ಹಿಂದಿನ ಗೋಡೆಯಲ್ಲಿ ಒಂದು ಮೊಳದ ಕಿಂಡಿ. ಕೆಳಗಿನ ಹೊಗೆ, ಕಾವು ಎಲ್ಲ ಆ ಬಾಯಿಯಿಂದ ಏರಿ ಆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಬೇಸಿಗೆಯ ಮಧ್ಯಾಹ್ನ ತಗಡು ಟಣ್ ಟಣ್ ಎಂದು ಸದ್ದು ಮಾಡುತ್ತಿತ್ತು. ಉಣ್ಣಲು ಕೂತರೆ ಬೆವರು ಗಂಗಾಳಕ್ಕೆ ತೊಟ್ಟಿಕ್ಕುತ್ತಿತ್ತು, ನಾನು ರೊಟ್ಟಿ ಬಿಟ್ಟು ಎದ್ದುಬಿಡುತ್ತಿದ್ದೆ. ಆಯಿ, ಅಂದರೆ ನಮ್ಮಪ್ಪನ ತಾಯಿ, ದಂಡೋತಿಯವಳು. ಮೊಳ ದಪ್ಪ ಮಣ್ಣು ಹೊದ್ದ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ನಮ್ಮ ತಗಡಿನ ಮನೆ ಮನೆಯೇ ಅಲ್ಲ. ಮಳೆಗಾಲಕ್ಕೆ ಮುಂಚೆ ದಂಡೋತಿಯಲ್ಲಿ ಮಾಳಿಗೆಗೆ ಹೊಸ ಮಣ್ಣು ಹೇಗೆ ಹಾಕುತ್ತಿದ್ದರು, ಒಳಗೆ ಎಷ್ಟು ತಂಪಿತ್ತು ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಕೇಳಿ ಕೇಳಿ ನನಗೆ ದಂಡೋತಿಯ ಮೇಲೆಯೇ ಸಿಟ್ಟು ಬಂದಿತ್ತು.

ಹಿಂದಿನ ಬೇಸಿಗೆಯಲ್ಲಿ ಅದೇ ಒಳಕೋಣೆಯಲ್ಲಿ ಅವ್ವ ಹಡೆದಿದ್ದ ಗಂಡುಕೂಸು ಒಂಬತ್ತನೆಯ ದಿನ ಹೋಗಿಬಿಟ್ಟಿತ್ತು. ಅದರ ಬಗ್ಗೆ ಮನೆಯಲ್ಲಿ ಎರಡು ನ್ಯಾಯ ಇದ್ದವು. ಅವ್ವ ಮತ್ತೆ ಬಸಿರಾಗಿ, ಲೆಕ್ಕ ಹಾಕಿದರೆ ಹೆರಿಗೆ ಮತ್ತೆ ಬೇಸಿಗೆಗೇ ಬರುತ್ತದೆ ಎಂದು ತಿಳಿದ ದಿನದಿಂದ ಆ ಎರಡು ನ್ಯಾಯಗಳ ಜಗಳ ದಿನಾ ಉಣ್ಣುವ ಹೊತ್ತಿಗೆ ಶುರುವಾಗುತ್ತಿತ್ತು.

"ತಗಡಿನ ಝಳಕ್ಕ ಹೋತು ಕೂಸು," ಎನ್ನುತ್ತಿದ್ದ ಅಪ್ಪ.

"ಯಾವ ಝಳ? ನಿನ್ನ ಹೆಂಡ್ತಿ ಕಿವಿ ಕಟಗೊಳ್ಳದ ಬಾಗಲಾಗ ಕುಂತಿದ್ದಳು, ಗಾಳಿ ಹೊಕ್ತು. ಸಿಗಡಿ ಬ್ಯಾಡ ಅಂತ ನೀನೇ ಒದರಿದಿ. ನಾನೂ ಐದು ಹಡದೀನಿ, ಸಿಗಡಿ ಕಾಸಗೊಂಡೇ ಹಡದೀನಿ. ಒಂದರೇ ಹೋತೇನು?"

ಸಿಗಡಿ ಎಂದರೆ ಕೆಂಡದ ಅಗ್ಗಿಷ್ಟಿಕೆ. ಬಾಣಂತಿಯ ಮಂಚದ ಕೆಳಗೆ ಸಗಣಿ ಕುಳ್ಳಿನ ಕೆಂಡ ಇಟ್ಟು, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ, ಬಾಗಿಲು ಕಿಟಕಿ ಮುಚ್ಚಿ ತಾಯಿ ಮಗುವನ್ನು ಕಾಯಿಸುವುದು ನಮ್ಮ ಕಡೆಯ ಪದ್ಧತಿ. ಅವ್ವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವಳು ಒಲೆಯ ಮುಂದೆ ಕೂತು ಇಬ್ಬರಿಗೂ ರೊಟ್ಟಿ ಬಡಿದು ಹಾಕುತ್ತಿದ್ದಳು. ಇಬ್ಬರೂ ಇನ್ನೊಂದು ಕೂಸು ಹೋಗಬಾರದೆಂದೇ ಒದರಾಡುತ್ತಿದ್ದರು, ಅದು ನನಗೂ ಗೊತ್ತಾಗುತ್ತಿತ್ತು. ಆದರೂ ಆ ಒದರಾಟ, ಬಾಯಿಂದ ಸಿಡಿಯುವ ರೊಟ್ಟಿ ಚೂರು, ಆಯಿ ಮೂಗು ಒರೆಸಿದ ಕೈಯಿಂದಲೇ ಪಲ್ಯ ಬಡಿಸುವುದು ನೋಡಿ ನನಗೆ ಉಂಡದ್ದೆಲ್ಲ ಮೇಲೆ ಬರುತ್ತಿತ್ತು.

ಕಡೆಗೆ ಇಬ್ಬರೂ ಗೆದ್ದರು. ನಮ್ಮ ಮನೆಯ ಹಣೆಬರಹವೇ ಅದು. ಸಿಗಡಿ ಇಡಬೇಕೆಂದು ಆಯಿಯ ಮಾತು ನಡೆಯಿತು, ಅಟ್ಟ ತುಂಬಬೇಕೆಂದು ಅಪ್ಪನ ಮಾತು ನಡೆಯಿತು. ಅಪ್ಪ ಬೇಳೆ ಮಿಲ್ಲಿನಲ್ಲಿ ಜರಡಿಯ ಮೇಲಿನ ಕೆಲಸದವನು. ಸ್ಟೇಷನ್ ಹತ್ತಿರ ಬರ್ಫ ಮಾರುವವನು ಮಂಜುಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಹೊಟ್ಟಿನೊಳಗೆ ಹೂಳಿ ಇಡುವುದನ್ನು ನೋಡಿ ನೋಡಿ ಅವನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತ್ತು.

"ಮಟಮಟ ಮಧ್ಯಾಹ್ನ ಬಿಸಲಾಗ ಬರ್ಫ ಕರಗಂಗಿಲ್ಲ ನೋಡು. ಹೊಟ್ಟಿನ ತಾಕತ್ತು ಅದು. ಬರ್ಫಿಗೇ ಝಳ ಮುಟ್ಟಂಗಿಲ್ಲ ಅಂದ ಮ್ಯಾಲ ನಮ್ಮ ಕೂಸಿಗೆ ಹ್ಯಾಂಗ ಮುಟ್ತದ?"

ಹೊಟ್ಟಿಗೇನು ಬರ? ಮಿಲ್ಲಿನ ಹಿಂದೆ ಗುಡ್ಡೆಗುಡ್ಡೆ ಬಿದ್ದಿತ್ತು. ಎಮ್ಮೆಯವರು ಒಳ್ಳೆಯದನ್ನೆಲ್ಲ ಒಯ್ದ ಮೇಲೆ ಉಳಿದ ಹಳೆಯ ಹೊಟ್ಟನ್ನು ಅಪ್ಪ ಚೀಲಕ್ಕೆ ತುಂಬಿ ತಂದ. ಬೇಳೆ ಒಡೆಯುವ ಮುಂಚೆ ತೊಗರಿಗೆ ಎಣ್ಣೆ ಸವರಿ ನೀರು ಹಚ್ಚುತ್ತಾರಲ್ಲ, ಆ ಎಣ್ಣೆ ಹಳಸಿದ ವಾಸನೆ ಚೀಲ ಚೀಲಕ್ಕೂ ಇತ್ತು. ನಾನು ಏಣಿಯ ಬುಡದಲ್ಲಿ ಮೂಗು ಮುಚ್ಚಿಕೊಂಡು ನಿಂತೆ. ಅಟ್ಟದ ಮೂಲೆ ಮೂಲೆಗೂ ಚೀಲ ಒತ್ತಿ, ಒಬ್ಬರು ತೆವಳುವಷ್ಟು ದಾರಿ ಬಿಟ್ಟು, ಕಡೆಗೆ ಒಂದು ಚೀಲವನ್ನು ಹಿಂಗೋಡೆಯ ಕಿಂಡಿಗೂ ತುರುಕಿ ಅಪ್ಪ ಕೆಳಗಿಳಿದ. ಬಿಸಿಲು ಅಲ್ಲಿಂದಲೂ ನುಸುಳಬಾರದಂತೆ. ಮೈತುಂಬ ಹೊಟ್ಟಿನ ಧೂಳು, ಹುಬ್ಬಿನಲ್ಲೂ ಧೂಳು, ಮುಖದಲ್ಲಿ ಮಾತ್ರ ದೊಡ್ಡ ಗೆಲುವು. ಖರೆ ಹೇಳಬೇಕೆಂದರೆ ಮೊದಲ ಎಂಟು ದಿನ ಕೋಣೆ ತಂಪಾಗಿಯೇ ಇತ್ತು. ಅಪ್ಪ ಓಣಿಯವರನ್ನೆಲ್ಲ ಕರೆದು ಒಳಕೋಣೆಯಲ್ಲಿ ಕೂಡಿಸಿ, "ಹ್ಯಾಂಗ ಅದ?" ಎಂದು ಕೇಳುತ್ತಿದ್ದ.

ಆಮೇಲೆ ಹುಳ ಬಂದವು. ಹೊಟ್ಟಿನ ಜೊತೆ ಬಂದ ಬೇಳೆಯ ನುಚ್ಚಿನಲ್ಲಿ ನುಸಿ ಮೊಟ್ಟೆ ಇಟ್ಟು, ಮರಿಯಾಗಿ, ಹಲಗೆ ಸಂದಿಯಿಂದ ಒಂದೊಂದಾಗಿ ಉದುರತೊಡಗಿದವು. ಹಾಸಿಗೆಯ ಮೇಲೆ, ನೀರಿನ ಕೊಡದಲ್ಲಿ, ನನ್ನ ಲೆಕ್ಕದ ಪುಸ್ತಕದ ಹಾಳೆಗಳ ನಡುವೆ. ಜಡೆ ಹೆಣೆಯಲು ಕೂದಲು ಬಿಚ್ಚಿದರೆ ಬೆರಳಿಗೆ ಸಿಗುತ್ತಿದ್ದವು. ಬಿಳಿ ಹುಳಗಳೂ ಬಂದವು, ಜೊಲ್ಲಿನ ಎಳೆ ಹಿಡಿದು ಜೋತಾಡುತ್ತ ಇಳಿಯುವಂಥವು. ಒಂದು ದಿನ ಸಾರು ಬಾಯಿಗಿಟ್ಟಾಗ ಹಲ್ಲಿನ ನಡುವೆ ಮೆತ್ತಗೆ ಏನೋ ಒಡೆಯಿತು. ಅದರ ರುಚಿ ನನಗೆ ಈಗಲೂ ನೆನಪಿದೆ, ಬರೆಯಲಾರೆ. ಹಿತ್ತಲಿಗೆ ಓಡಿ ಕರುಳು ಕಿತ್ತುಬರುವ ಹಾಗೆ ವಾಂತಿ ಮಾಡಿಕೊಂಡೆ. ಆಯಿ ತನ್ನ ಗಂಗಾಳದ ಹುಳವನ್ನು ಬೆರಳಿನಿಂದ ಚಿಮ್ಮಿ ಉಣ್ಣುತ್ತಲೇ ಇದ್ದಳು.

"ಕಾಳು ತಿಂದ ಹುಳ, ಅದಕ್ಕೇನು ಹೇಸ್ತಿ? ಮಹಾರಾಣಿ ಹುಟ್ಯಾಳ ನಮ್ಮನ್ಯಾಗ!"

ಹುಳದ ಹಿಂದೆ ಇಲಿ ಬಂದವು. ಅಪ್ಪ ಹಿಟ್ಟಿನ ಉಂಡೆಯಲ್ಲಿ ಪಾಷಾಣ ಕಲಸಿ ಅಟ್ಟಕ್ಕೆ ಎಸೆದ. ಇಲಿಗಳು ತಿಂದು ಹೊರಗೆ ಹೋಗಿ ಸಾಯಬೇಕೆಂದು ಅವನ ಲೆಕ್ಕ. ಹೊರಗೆ ಹೋಗುವ ಕಿಂಡಿಯನ್ನು ತಾನೇ ಮುಚ್ಚಿದ್ದೇನೆಂದು ಆ ಮನುಷ್ಯನಿಗೆ ನೆನಪಾಗಲಿಲ್ಲ. ನಾಲ್ಕು ದಿನಕ್ಕೆ ವಾಸನೆ ಇಳಿಯಿತು. ಥೂ, ಈಗ ಬರೆಯುವಾಗಲೂ ಮೂಗಿಗೆ ಬಡಿಯುತ್ತಿದೆ. ಅದೇ ವಾಸನೆಯಲ್ಲಿ ಅವ್ವನಿಗೆ ಹೆರಿಗೆಯ ಬ್ಯಾನೆ ಬಂದಿತು. ಓಣಿಯ ಸೂಲಗಿತ್ತಿ ಬೀಬಿ ಖಾಲಾ ಬಂದು ಗಂಡುಕೂಸನ್ನು ಹಿಡಿದಳು. ಅದೇ ಶರಣು.

ಹೆರಿಗೆಯಾದ ದಿನವೇ ಆಯಿ ಸಿಗಡಿ ಹೊತ್ತಿಸಿ ಮಂಚದ ಕೆಳಗೆ ತಳ್ಳಿದಳು. ಕಿಟಕಿಗೆ ಕಂಬಳಿ ಹೊಡೆಸಿದಳು. ಅಪ್ಪನಿಗೆ ಹನ್ನೆರಡು ದಿನ ಆ ಕೋಣೆಯೊಳಗೆ ಬರುವಂತಿರಲಿಲ್ಲ. ಹೊರಗೆ ನಿಂತು, ಅಟ್ಟ ತುಂಬಿದೆ, ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದ. ಎರಡನೆಯ ದಿನ ಕೂಸಿಗೆ ನೀರು ಎರೆಯಲು ಬಂದ ಬೀಬಿ ಖಾಲಾ ಒಳಗೆ ಕಾಲಿಟ್ಟವಳೇ ಮೇಲೆ ನೋಡಿದಳು, ಕೆಳಗೆ ನೋಡಿದಳು.

"ಅರೆ ಅಲ್ಲಾ! ಅಕ್ಕಾ, ಮ್ಯಾಲ ಬರ್ಫಿನ ಡಬ್ಬಿ ಮಾಡೀರಿ, ಖರೇ. ಬರ್ಫಿನ ಡಬ್ಬ್ಯಾಗ ಯಾರರೇ ಸಿಗಡಿ ಇಡ್ತಾರೇನು? ಹೊರಗಿನ ಝಳ ಒಳಗ ಬರಂಗಿಲ್ಲ, ಒಳಗಿನ ಝಳ ಹೊರಗ ಹ್ಯಾಂಗ ಹೋಗಬೇಕು?"

"ನೀ ಕೂಸಿಗೆ ಎರದು ಹೋಗವ್ವ. ದಂಡೋತ್ಯಾಗ ನಾವೆಲ್ಲಾ ಹಿಂಗೇ ಹಡದೀವಿ."

ದಂಡೋತಿಯಲ್ಲಿ ಹೊಗೆಗೆ ದಾರಿ ಇತ್ತು ಎಂದು ಯಾರೂ ಹೇಳಲಿಲ್ಲ. ಖಾಲಾ ನನ್ನ ಕಡೆ ನೋಡಿ ಹಣೆ ಚಚ್ಚಿಕೊಂಡು ಕೆಲಸ ಮಾಡಿ ಹೋದಳು. ನನಗೆ ಕೂಸಿನ ಪಕ್ಕ ಕೂತು ಮೇಲಿಂದ ಬಿದ್ದ ಹುಳ ಆರಿಸುವ ಕೆಲಸ ಕೊಟ್ಟರು. ಬೆರಳಿಗೆ ಚಿಂದಿ ಸುತ್ತಿಕೊಂಡು ಅವನ ಕಿವಿಯ ಮಡಿಕೆ, ಕತ್ತಿನ ಸಂದಿಯಿಂದ ಹುಳ ತೆಗೆದು ಸಿಗಡಿಗೆ ಹಾಕುತ್ತಿದ್ದೆ. ಅವು ಚಟ್ ಎಂದು ಸುಡುತ್ತಿದ್ದವು. ಹೊಗೆ, ಬೆಳ್ಳುಳ್ಳಿ, ಸತ್ತ ಇಲಿ, ಅವ್ವನ ಎದೆಹಾಲು ಹುಳಿತ ಸೀರೆ, ಎಲ್ಲ ಸೇರಿ ಆ ಕೋಣೆಯ ಗಾಳಿಯನ್ನು ಉಸಿರಾಡುವುದಲ್ಲ, ನುಂಗಬೇಕಿತ್ತು. ಅವ್ವ ತಲೆಗೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಕೆಂಡದ ಮೇಲೆ ಮಲಗಿ ಕೆಮ್ಮುತ್ತಿದ್ದಳು.

ಒಂಬತ್ತನೆಯ ದಿನ, ಹಿಂದಿನ ಕೂಸು ಹೋದ ಲೆಕ್ಕದ ದಿನ, ಅವ್ವ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು. ಆಯಿ ಹಿತ್ತಲಲ್ಲಿದ್ದಳು.

"ನೀಲಾ, ಅಟ್ಟ ಏರಿ ಆ ಕಿಂಡ್ಯಾಗಿನ ಚೀಲ ಒಂದ ತಗದು ಬಾ. ಹೊಗಿ ಹೋಗ್ಲಿಕ್ಕ ಜಾಗಾ ಆಗ್ತದ. ಕೂಸು ಸರಿಯಾಗಿ ಉಸರಾಡವಲ್ದು. ಯಾರಿಗೂ ಹೇಳಬ್ಯಾಡ, ಇಬ್ಬರೂ ಮತ್ತ ಜಗಳ ತಗೀತಾರ."

ಏರಿದೆ. ಚೀಲಗಳ ನಡುವೆ ಹೊಟ್ಟೆಯ ಮೇಲೆ ತೆವಳಿದೆ. ಕಿಂಡಿಯ ಚೀಲದ ಬಾಯಿಗೆ ಒಂದು ಹೆಗ್ಗಣ ಸತ್ತು ಅಂಟಿಕೊಂಡಿತ್ತು. ಹೊರಗೆ ಹೋಗಲು ಚೀಲ ಕಡಿಯುತ್ತ ಕಡಿಯುತ್ತ ಅಲ್ಲೇ ಸತ್ತಿರಬೇಕು. ಅದರ ಹೊಟ್ಟೆ ಅಲುಗಾಡುತ್ತಿತ್ತು. ಬದುಕಿದೆಯೇನೋ ಎಂದು ಬಗ್ಗಿ ನೋಡಿದೆ. ಅಲುಗಾಡುತ್ತಿದ್ದದ್ದು ಹೆಗ್ಗಣವಲ್ಲ, ಒಳಗಿನ ಹುಳಗಳು. ನಾನು ಆ ಚೀಲಕ್ಕೆ ಒಂದು ಬೆರಳೂ ತಾಗಿಸಲಿಲ್ಲ. ಹಾಗೇ ಹಿಂದಕ್ಕೆ ಸರಿದು, ಇಳಿದು, ಅವ್ವನ ಮುಖ ನೋಡದೆ ಹೇಳಿದೆ:

"ಬರವಲ್ದವ್ವ. ಚೀಲ ಸಿಕ್ಕೊಂಡದ."

ಹತ್ತನೆಯ ದಿನ ಮತ್ತೆ ಕೇಳಿದಳು. ಏಣಿಯ ಅರ್ಧಕ್ಕೆ ಹೋಗಿ ಬಂದು ಅದನ್ನೇ ಹೇಳಿದೆ. ಹನ್ನೊಂದನೆಯ ದಿನ ಕೇಳಿದಾಗ ಏಣಿಯನ್ನೂ ಮುಟ್ಟಲಿಲ್ಲ, "ಹೇಳೀನಲ್ಲವ್ವ, ಸಿಕ್ಕೊಂಡದ!" ಎಂದು ರೇಗಿದೆ. ಅವ್ವ ಕೂಸಿನ ಕಡೆ ಹೊರಳಿದಳು. ಕೂಸು ಅಂದು ಬೆಳಿಗ್ಗೆಯಿಂದ ಎರಡೇ ಸಲ ಅತ್ತಿದ್ದ. ಮೊಮ್ಮಗ ಭಾಳ ಶಾಣ್ಯಾ ಎಂದು ಆಯಿ ಹೊಗಳಿದಳು.

ಹನ್ನೆರಡನೆಯ ದಿನ ತೊಟ್ಟಿಲ ಕಾರ್ಯ. ಕುರಕುಂಟಾದಿಂದ ಅವ್ವನ ತವರಿನವರು, ಚಿತ್ತಾಪುರದಿಂದ ಅಪ್ಪನ ತಂಗಿ, ಓಣಿಯ ಹೆಂಗಸರು, ಎಲ್ಲ ಸೇರಿ ಒಳಕೋಣೆ ಕಿಕ್ಕಿರಿಯಿತು. ಗಂಡಸರು ಹೊರಗೆ ಬೇವಿನ ಮರದ ಕೆಳಗೆ. ವಾಸನೆ ಮುಚ್ಚಲೆಂದು ಆಯಿ ಲೋಬಾನ ಬೇರೆ ಹಾಕಿದ್ದಳು. ಮೂಗಿಗೆ ಸೆರಗು ಹಿಡಿದುಕೊಂಡೇ ಹೆಂಗಸರು ಸೋಬಾನ ಹಾಡಿದರು, ಬೀಗರ ಮನೆಯಲ್ಲಿ ಯಾರು ಬಾಯಿ ಬಿಟ್ಟು ಹೇಳುತ್ತಾರೆ? ಕೂಸನ್ನು ತೊಟ್ಟಿಲ ಕೆಳಗಿಂದ ಒಬ್ಬರು ಕೊಡಬೇಕು, ಮೇಲಿಂದ ಒಬ್ಬರು ತೆಗೆದುಕೊಳ್ಳಬೇಕು. ಕೆಳಗಿಂದ ಕೊಡುವ ಸರದಿ ನನಗೆ ಬಂತು. ಕೈಗೆ ಬಂದ ಕೂಸಿನ ಮೈ ಸುಡುತ್ತಿತ್ತು, ಕತ್ತು ಹಿಂದಕ್ಕೆ ಜೋತುಬಿತ್ತು. ಮೇಲಿಂದ ಒಂದು ಬಿಳಿ ಹುಳ ಎಳೆ ಹಿಡಿದು ಇಳಿದು ಅವನ ಅರೆತೆರೆದ ಕಣ್ಣಿನ ಮೇಲೆ ಕೂತಿತು. ರೆಪ್ಪೆಯ ಮೇಲೆ ನಡೆಯಿತು. ಕೂಸು ಕಣ್ಣು ಮಿಟುಕಿಸಲಿಲ್ಲ.

"ಆಯಿ, ತಮ್ಮ ಅಲ್ಲಾಡವಲ್ಲ!"

"ಮಲಗ್ಯಾನ. ಒದರಬ್ಯಾಡ, ಮ್ಯಾಲ ಕೊಡು."

ಕೊಡಲಿಲ್ಲ. ಪಕ್ಕದಲ್ಲಿದ್ದ ಬೀಬಿ ಖಾಲಾಳ ಮಡಿಲಿಗೆ ಅವನನ್ನು ಹಾಕಿ ಏಣಿಯತ್ತ ಓಡಿದೆ. ತೆವಳಿದೆ. ಹೆಗ್ಗಣವನ್ನು ಬರಿಗೈಯಿಂದ ಹಿಡಿದು ಪಕ್ಕಕ್ಕೆ ಎಸೆದೆ, ಅದು ಬೆರಳಿನಲ್ಲಿ ಕಿತ್ತು ಬಂತು. ಚೀಲದ ಕಿವಿ ಹಿಡಿದು ಜಗ್ಗಿದೆ. ಒಂದೇ ಜಗ್ಗಿಗೆ ಬಂತು. ನಾನು ಚೀಲದ ಸಮೇತ ಹಿಂದಕ್ಕೆ, ಅಟ್ಟದ ಬಾಯಿಯ ಅಂಚಿಗೇ ಬಿದ್ದೆ. ಕಡಿದು ತೂತಾಗಿದ್ದ ಚೀಲ ಹರಿದು, ಹೊಟ್ಟು, ಹುಳ, ಇಲಿಗಳ ಗೂಡು, ಕೊಳೆತ ಹೆಗ್ಗಣದ ಚೂರು, ಎಲ್ಲ ಅಟ್ಟದ ಬಾಯಿಯಿಂದ ಕೆಳಗೆ ಸುರಿಯಿತು. ಹೊಸ ಇಳಕಲ್ ಸೀರೆಗಳ ಮೇಲೆ, ಹೂ ಮುಡಿದ ತಲೆಗಳ ಮೇಲೆ, ಗುಗ್ಗರಿಯ ಬುಟ್ಟಿಯ ಮೇಲೆ. ಹೆಂಗಸರು ಕಿರುಚಿಕೊಂಡು, ಒಬ್ಬರನ್ನೊಬ್ಬರು ತುಳಿದು ಬಾಗಿಲತ್ತ ನುಗ್ಗಿದರು. ಖಾಲಾ ಎಲ್ಲರಿಗಿಂತ ಮೊದಲು ಕೂಸನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದ್ದಳು. ಹೊಗೆ ನನ್ನ ಮುಖದ ಮೇಲೆ ಹಾಯ್ದು ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ನಾನು ಅಟ್ಟದ ಬಾಯಿಯಿಂದ ಕೆಳಗೆ ನೋಡಿದೆ. ಖಾಲಿಯಾದ ಕೋಣೆಯಲ್ಲಿ ಅವ್ವ ಒಬ್ಬಳೇ ಮಂಚ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಏರಿದ ಕೂಡಲೇ ಚೀಲ ಬಂದದ್ದನ್ನು ಅವಳು ಕಂಡಿದ್ದಳು. ಆಮೇಲೆ ಕೂಸಿನ ಹಿಂದೆ ಹೊರಗೆ ನಡೆದಳು.

ಬೇವಿನ ಮರದ ಕೆಳಗೆ ಖಾಲಾ ಕೂಸಿನ ಮೈಗೆ ತಣ್ಣೀರಿನ ಬಟ್ಟೆ ಒತ್ತಿದಳು, ಅಂಗಾಲು ಚಿವುಟಿದಳು, ಬೆನ್ನು ಉಜ್ಜಿದಳು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆಮೇಲೆ ಅವನು ಅತ್ತ. ಮೊದಲು ಬೆಕ್ಕಿನ ಮರಿಯ ದನಿ, ಆಮೇಲೆ ಓಣಿಗೆಲ್ಲ ಕೇಳುವಂಥ ದನಿ. ಅಪ್ಪ ನೆಲದ ಮೇಲೆ ಕುಕ್ಕರಿಸಿ ಕೂತು ತಲೆಯ ಮೇಲೆ ಕೈ ಹೊತ್ತುಕೊಂಡ. ಆಯಿ ಮಾತ್ರ ನನ್ನ ರಟ್ಟೆ ಹಿಡಿದು, "ಬೀಗರ ತಲಿ ಮ್ಯಾಲ ಹುಳ ಸುರದೆಲ್ಲ!" ಎಂದು ಬೆನ್ನಿಗೆ ಎರಡು ಗುದ್ದಿದಳು. ಗುದ್ದಿ, ಅಲ್ಲೇ ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತಳು. ಮರುದಿನ ಅವಳೇ ಸಿಗಡಿಯನ್ನು ತಿಪ್ಪೆಗೆ ಎಸೆದು ಬಂದಳು. ಅಪ್ಪ ಚೀಲಗಳನ್ನು ಇಳಿಸಿ ಊರ ಹೊರಗೆ ಸುಟ್ಟ. ನಾನು ಹಿತ್ತಲಲ್ಲಿ ಕೂತು ಬೂದಿ ಹಚ್ಚಿ ಹಚ್ಚಿ ಕೈ ತಿಕ್ಕಿದೆ, ಚರ್ಮ ಸುಲಿದು ರಕ್ತ ಬರುವವರೆಗೆ.

ಅದಾದ ಮೇಲೆ ನಮ್ಮ ಬಳಗದ ಯಾವ ಕಾರ್ಯದಲ್ಲೂ ಈ ಕಥೆ ತಪ್ಪಿದ್ದಿಲ್ಲ. ಶರಣುವಿಗೆ ನುಸ್ಯಾ ಎಂದು ಅಡ್ಡಹೆಸರು ಬಿತ್ತು, ನಾನು ತಮ್ಮನ ಜೀವ ಉಳಿಸಿದ ಅಕ್ಕ ಆದೆ. ಅವನೇ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದ, "ನಮ್ಮಕ್ಕ ಇಲ್ಲಂದ್ರ ನಾ ಇಲ್ಲ" ಎಂದು. ಕೇಳಿದಾಗಲೆಲ್ಲ ನನಗೆ ಆ ಹುಳದ ರುಚಿ ಬಾಯಿಗೆ ಬರುತ್ತಿತ್ತು. ಅವ್ವ ಆ ಕಥೆ ನಡೆಯುವಾಗ ಒಂದು ಮಾತೂ ಸೇರಿಸುತ್ತಿರಲಿಲ್ಲ. ಆ ಹನ್ನೆರಡು ದಿನದ ಕೆಮ್ಮು ಅವಳನ್ನು ಬಿಡಲೇ ಇಲ್ಲ, ಸಾಯುವವರೆಗೂ ಕೆಮ್ಮಿದಳು. ಒಂದು ದಿನವಾದರೂ, "ಯಾಕ ಸುಳ್ಳು ಹೇಳಿದಿ ನೀಲಾ?" ಎಂದು ಕೇಳಿದ್ದರೆ ನಾನು ಅವಳ ಕಾಲು ಹಿಡಿಯುತ್ತಿದ್ದೆ. ಕೇಳಲಿಲ್ಲ. ನಾನೂ ಹೇಳಲಿಲ್ಲ.

ನಿನ್ನೆ ಶರಣುವಿನ ಮನೆಗೆ ಹೋದೆ. ಮಗಳು ಕೆಳಗೆ ಮಲಗಿದ್ದಳು. ಹೊಟ್ಟೆ ದೊಡ್ಡದಾಗಿದೆ, ಇನ್ನು ಹದಿನೈದು ದಿನವಂತೆ. ಅಟ್ಟದ ಮೇಲೆ ಅವನೇ ಮಂಡಿಯೂರಿ ಕೂತಿದ್ದ, ಕೆಲಸದವನು ಊಟಕ್ಕೆ ಹೋಗಿದ್ದ. ಎರಡು ಬದಿಯ ಗೋಡೆಯಲ್ಲಿ ಜಾಲರಿ ಹಾಕಿದ ದೊಡ್ಡ ದೊಡ್ಡ ಕಿಂಡಿಗಳನ್ನು ಬಿಡಿಸಿದ್ದ, ಅದನ್ನು ಮೊದಲು ನೋಡಿದೆ. ಏಣಿಯ ಬುಡದಲ್ಲಿ ಬೆಳ್ಳಿ ಹಾಳೆ ಅಂಟಿಸಿದ ಹಳದಿ ಗಾಜಿನ ಹತ್ತಿಯ ಸುರುಳಿ ಬಿದ್ದಿತ್ತು. ಹತ್ತಿರ ಹೋದರೆ ಸಾಕು, ಮೈ ಕಡಿಯುವಂಥದ್ದು.

"ಅಕ್ಕಾ, ಆ ಸುರುಳಿ ಜರಾ ಎತ್ತಿ ಕೊಡು."

"ಹೇಸಿಗಿ ಬರ್ತದಪ್ಪಾ ನನಗ. ನಿನ್ನ ಆಳು ಬರ್ಲಿ ತಡಿ."

ಅವನು ಅಟ್ಟದ ಬಾಯಿಯಿಂದ ತಲೆ ಹಾಕಿ ನನ್ನನ್ನು ನೋಡಿದ. ನಗಲಿಲ್ಲ.

"ಈಗೂ ಮೂರು ದಿನ ಬೇಕೇನು ನಿನಗ?"

ಗೋಡೆ ಹಿಡಿದುಕೊಂಡೆ.

"ಯಾರು ಹೇಳಿದ್ರು?"

"ಅವ್ವ. ನಾ ಎಂಟನೇ ಕ್ಲಾಸಿನ್ಯಾಗ ಇದ್ದಾಗೇ ಹೇಳ್ಯಾಳ."

"ಮತ್ತ ಇಷ್ಟು ವರ್ಷ ಮಂದಿ ಮುಂದ ನನ್ನ ಹೊಗಳ್ಕೋತ ಬಂದೆಲ್ಲೋ?"

"ಹೊಗಳ್ತಿದ್ದಿಲ್ಲಕ್ಕಾ. ನಿನ್ನ ಮುಖ ನೋಡ್ತಿದ್ದೆ. ಇವತ್ತರೇ ಹೇಳ್ತಾಳೇನು ಅಂತ."

ಬಗ್ಗಿ ಸುರುಳಿ ಎತ್ತಿದೆ. ಸೆರಗು ಸುತ್ತಿಕೊಳ್ಳಲಿಲ್ಲ. ಏಣಿಯ ಮೇಲೆ ಒಂದು, ಎರಡು, ಮೂರು ಮೆಟ್ಟಿಲು ಏರಿದೆ. ಹತ್ತಿಯ ಎಳೆಗಳು ಕತ್ತಿಗೆ, ಮೊಣಕೈಗೆ ಚುಚ್ಚುತ್ತಿದ್ದವು, ಥೂ, ಮೈಯೆಲ್ಲ ಉರಿಯುತ್ತಿತ್ತು. ಸುರುಳಿ ತಲೆಯ ಮೇಲಿದ್ದುದರಿಂದ ಅವನ ಮುಖ ಕಾಣುತ್ತಿರಲಿಲ್ಲ.

"ಚೀಲ ಸಿಕ್ಕೊಂಡಿದ್ದಿಲ್ಲೋ ಶರಣು," ಎಂದೆ.

"ಗೊತ್ತದ," ಎಂದ. "ಇನ್ನ ಜರಾ ಮ್ಯಾಲ ದಬ್ಬು."